ಹಸುರು ಲೋಕದ ವಿನೋದಿ

ಮುಂಗಾರು ಮಳೆ ಬಿದ್ದು ಒಂದೆರಡು ತಿಂಗಳು ಕಳೆದ ಮೇಲೆ ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳ ಮಸಾರಿ ನೆಲದಲ್ಲಿ ನಡೆದುಹೋಗುವವರಿಗೆ ಶೇಂಗಾದ ಹೊಲಗಳು ಕಣ್ಣಿಗೆ ಬೀಳುತ್ತವೆ. ಎಲೆಗಳ ಮರೆಯಲ್ಲಿ ಸಣ್ಣ ಹಳದಿ ಹೂಗಳು. ಈ ಗಿಡದ ನಡತೆಯೇ ವಿಚಿತ್ರ. ಹೂವು ಅರಳುವುದು ನೆಲದ ಮೇಲೆ. ಕಾಯಿ ಬಲಿಯುವುದು ಮಣ್ಣಿನೊಳಗೆ. ಹೂವು ಬಾಡಿದೊಡನೆ ಅದರ ಬುಡದಿಂದ ಕಡ್ಡಿಯಂತಹ ಕಾವೊಂದು ಹೊರಟು, ತಲೆ ತಗ್ಗಿಸಿ ನೆಲವನ್ನು ಹೊಗುತ್ತದೆ. ದಿನವೂ ಇದನ್ನು ಕಾಣುವ ನಮಗೆ ಇದರಲ್ಲಿ ಬೆರಗೇನೂ ತೋರುವುದಿಲ್ಲ. ಶೇಂಗಾದ ಹಿಂಡಿ, ಮೆಣಸಿನಕಾಯಿಯ ಚಟ್ನಿ, ಬಟಾಟೆಯ ಪಲ್ಯ, ಟೊಮ್ಯಾಟೊ ಹಾಕಿದ ಸಾರು ಇವೆಲ್ಲ ನಮ್ಮ ಅಜ್ಜ ಮುತ್ತಜ್ಜಂದಿರ ಕಾಲದಿಂದಲೂ, ಪಂಪ ರನ್ನರ ಕಾಲದಿಂದಲೂ ಇದ್ದುವೆಂದೇ ನಾವು ನಂಬಿದ್ದೇವೆ. ಆದರೆ ಪಂಪನಾಗಲಿ ರನ್ನನಾಗಲಿ ಮೆಣಸಿನಕಾಯಿಯ ಖಾರವನ್ನು ಕಂಡವರಲ್ಲ. ಈ ಗಿಡಗಳ ತವರು ಅಮೆರಿಕ ಖಂಡ. ಹದಿನಾರನೆಯ ಶತಮಾನದಿಂದ ಈಚೆಗೆ, ಮುಖ್ಯವಾಗಿ ಪೋರ್ಚುಗೀಸರ ಹಡಗುಗಳ ಮೂಲಕ, ಅವು ಒಂದೊಂದಾಗಿ ನಮ್ಮ ನಾಡಿಗೆ ಬಂದುವು.

ಈ ಸಂಗತಿಯನ್ನು ಕನ್ನಡಿಗರಿಗೆ ನಗುನಗುತ್ತ ತಿಳಿಸಿಕೊಟ್ಟ ಪುಸ್ತಕವೊಂದಿದೆ. ಅದರ ಹೆಸರು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’. ಹೆಸರನ್ನು ಕೇಳಿದೊಡನೆ ನಗು ಬರುತ್ತದೆ. ನಕ್ಕ ಮರುಕ್ಷಣವೇ ಯೋಚನೆ ಹುಟ್ಟುತ್ತದೆ. ಇದನ್ನು ಬರೆದವರು ಡಾಕ್ಟರ್ ಬಿ.ಜಿ.ಎಲ್. ಸ್ವಾಮಿ. ಅವರು ಜಗತ್ತಿನ ಸಸ್ಯವಿಜ್ಞಾನಿಗಳು ಬಲ್ಲ ಸಂಶೋಧಕರು. ಪ್ರಾಚೀನ ಕಾವ್ಯಗಳಲ್ಲಿ ಆಳವಾದ ಪರಿಚಯವುಳ್ಳ ರಸಿಕರು. ತಮ್ಮ ಬರಹಕ್ಕೆ ತಾವೇ ಚಿತ್ರ ಬರೆಯಬಲ್ಲ ಕಲಾವಿದರು. ಸುಳ್ಳು ದೊಡ್ಡಸ್ತಿಕೆಯನ್ನು ಎಲ್ಲಿ ಕಂಡರೂ ಸುಮ್ಮನೆ ಬಿಡದ ವಿಡಂಬನಕಾರರು. ಈ ನಾಲ್ಕೂ ಗುಣಗಳು ಒಬ್ಬರಲ್ಲಿಯೇ ಸೇರುವುದು ಅಪರೂಪ.

ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ ಎಂಬುದು ಅವರ ಪೂರ್ಣ ಹೆಸರು. ಅವರು ಹುಟ್ಟಿದ್ದು ೧೯೧೮ರ ಫೆಬ್ರವರಿ ೫ರಂದು. ತಂದೆ ‘ಮಂಕುತಿಮ್ಮನ ಕಗ್ಗ’ದ ಕರ್ತೃ ಡಿ.ವಿ. ಗುಂಡಪ್ಪನವರು, ತಾಯಿ ಭಾಗೀರಥಮ್ಮನವರು. ತಾಯಿಯ ನೆರಳು ಬಾಲಕನಿಗೆ ಬಹುಕಾಲ ದೊರೆಯಲಿಲ್ಲ. ೧೯೨೪ರಲ್ಲಿ ಬೆಂಕಿಯ ಅಪಘಾತಕ್ಕೆ ಸಿಲುಕಿ ಆಕೆ ತೀರಿಕೊಂಡರು. ಗುಂಡಪ್ಪನವರು ಮತ್ತೆ ಮದುವೆಯಾಗಲಿಲ್ಲ. ಮನೆಯಲ್ಲಿ ಸಿರಿತನವಿರಲಿಲ್ಲ, ಆದರೆ ವಿದ್ವಾಂಸರ ಮಾತುಕತೆಗೆ, ಕನ್ನಡ ಸಂಸ್ಕೃತ ಕಾವ್ಯಗಳ ಚರ್ಚೆಗೆ ಕೊರತೆಯಿರಲಿಲ್ಲ. ಪುಸ್ತಕಗಳನ್ನು ಹುಡುಕಿಕೊಂಡು ಹೋಗುವ ಅಗತ್ಯವೇ ಇಲ್ಲದ ಮನೆಯಲ್ಲಿ ಸ್ವಾಮಿ ಬೆಳೆದರು.

ಹೆಸರಾಂತ ತಂದೆಯ ಮಗನಾಗಿ ಹುಟ್ಟುವುದು ಭಾಗ್ಯವೂ ಹೌದು, ಭಾರವೂ ಹೌದು. ಏನು ಬರೆದರೂ ಜನ ತಂದೆಯೊಡನೆ ಹೋಲಿಸಿ ನೋಡುತ್ತಾರೆ. ತಂದೆಯ ದಾರಿಯಲ್ಲೇ ನಡೆದರೆ ನೆರಳಾಗಬೇಕು; ಬಿಟ್ಟು ನಡೆದರೆ ಬೇರೆಯ ದಾರಿಯನ್ನು ತಾನೇ ಕಡಿದುಕೊಳ್ಳಬೇಕು. ಸ್ವಾಮಿಯವರು ಎರಡನೆಯದನ್ನು ಆರಿಸಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಅವರು ಕಲಿತದ್ದು ಸಾಹಿತ್ಯವನ್ನಲ್ಲ, ಸಸ್ಯಶಾಸ್ತ್ರವನ್ನು. ತಂದೆಗೆ ಮೆಟ್ರಿಕ್ಯುಲೇಷನ್ ಪರೀಕ್ಷೆಯೂ ಕೈಗೂಡಿರಲಿಲ್ಲ; ಮಗ ೧೯೪೭ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಡಿ.ಎಸ್‌ಸಿ. ಪದವಿಯನ್ನು ಪಡೆದರು.

ಅವರ ಮೊದಲ ಸಂಶೋಧನೆಗಳಲ್ಲಿ ಬಹುಪಾಲು ಆರ್ಕಿಡ್ ಎಂಬ ಸಸ್ಯಕುಲಕ್ಕೆ ಸಂಬಂಧಿಸಿದವು. ಮಲೆನಾಡಿನ ಮರಗಳ ಕೊಂಬೆಗಳ ಮೇಲೆ ಬೆಳೆದು ಹೂಗೊಂಚಲನ್ನು ಇಳಿಬಿಡುವ ಸೀತಾಳೆ ಈ ಕುಲಕ್ಕೆ ಸೇರಿದ್ದು. ಇದರ ಬೀಜ ಧೂಳಿನ ಕಣದಷ್ಟು ಚಿಕ್ಕದು. ಅಂತಹ ಬೀಜದೊಳಗೆ ಭ್ರೂಣವು ಬೆಳೆಯುವ ಬಗೆಯನ್ನು ತಿಳಿಯಬೇಕಾದರೆ ಸಸ್ಯದ ಭಾಗವನ್ನು ಕೂದಲಿಗಿಂತಲೂ ತೆಳುವಾದ ಹಾಳೆಗಳಾಗಿ ಸೀಳಬೇಕು. ಅವಕ್ಕೆ ಬಣ್ಣ ಹಿಡಿಸಿ ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನೋಡಿದರಷ್ಟೇ ಸಾಲದು, ಕಂಡದ್ದನ್ನು ಬರೆದಿಡಬೇಕು. ಆ ಕಾಲದ ಸಸ್ಯಶಾಸ್ತ್ರಜ್ಞರು ಸೂಕ್ಷ್ಮದರ್ಶಕಕ್ಕೆ ಸಣ್ಣ ಕನ್ನಡಿಯ ಉಪಕರಣವೊಂದನ್ನು ಜೋಡಿಸಿ, ಒಳಗೆ ಕಂಡ ಆಕಾರವು ಪಕ್ಕದ ಕಾಗದದ ಮೇಲೆ ಬಿದ್ದಂತೆ ತೋರುವ ಹಾಗೆ ಮಾಡಿಕೊಂಡು, ಅದರ ಮೇಲೆ ಪೆನ್ಸಿಲು ಓಡಿಸುತ್ತಿದ್ದರು. ಇಲ್ಲಿ ಕೈಗೆ ಸ್ವಾತಂತ್ರ್ಯವಿಲ್ಲ. ಇರುವ ಗೆರೆಯನ್ನು ಬಿಡುವಂತಿಲ್ಲ. ಇಲ್ಲದ ಗೆರೆಯನ್ನು ಚೆಂದಕ್ಕಾಗಿ ಸೇರಿಸುವಂತಿಲ್ಲ. ಸ್ವಾಮಿಯವರ ಕೈ ಪಳಗಿದ್ದು ಈ ಕಠಿಣವಾದ ಗರಡಿಯಲ್ಲಿ. ಮುಂದೆ ಅದೇ ಕೈ ನಗೆಚಿತ್ರಗಳನ್ನು ಬರೆಯಿತು.

ಡಿ.ಎಸ್‌ಸಿ. ಪದವಿಯ ಬಳಿಕ ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ತೆರಳಿ, ಇರ್ವಿಂಗ್ ಬೈಲಿ ಎಂಬ ಹಿರಿಯ ವಿಜ್ಞಾನಿಯೊಡನೆ ಕೆಲಸ ಮಾಡಿದರು. ಹೂಬಿಡುವ ಸಸ್ಯಗಳಲ್ಲಿ ಅತ್ಯಂತ ಪುರಾತನ ಲಕ್ಷಣಗಳನ್ನು ಉಳಿಸಿಕೊಂಡಿರುವ ಗಿಡಮರಗಳನ್ನು ಇವರಿಬ್ಬರೂ ಪರೀಕ್ಷಿಸಿದರು. ೧೯೫೧ರಲ್ಲಿ ಇವರು ಪ್ರಕಟಿಸಿದ ಪ್ರಬಂಧವೊಂದು ಪ್ರಸಿದ್ಧವಾಯಿತು. ಅದರ ತಿರುಳನ್ನು ಸರಳವಾಗಿ ಹೀಗೆ ಹೇಳಬಹುದು: ತೊಗರಿಯ ಅಥವಾ ಅವರೆಯ ಕಾಯೊಂದನ್ನು ಬಿಡಿಸಿ ಅಂಗೈಯಲ್ಲಿ ಹರಡಿದರೆ ನಡುವೆ ನರವುಳ್ಳ ಎಲೆಯಂತೆ ಕಾಣುತ್ತದೆ. ಪುರಾತನ ಹೂಗಳಲ್ಲಿ ಬೀಜಾಣುಗಳನ್ನು ಕಾಪಾಡುವ ಗೂಡು ಸಹ, ಎಲೆಯೊಂದು ನಡುನರದ ಉದ್ದಕ್ಕೂ ಮಡಿಚಿಕೊಂಡು ಆದ ಆಕಾರದಲ್ಲಿದೆ ಎಂದು ಅವರು ತೋರಿಸಿದರು. ಗುರುವಿನ ಮೇಲಣ ಗೌರವದಿಂದ ಸ್ವಾಮಿಯವರು ದಕ್ಷಿಣ ಭಾರತದ ಸಸ್ಯವೊಂದಕ್ಕೆ ಬೈಲಿಯ ಹೆಸರನ್ನೇ ಇಟ್ಟರು. ಅಮೆರಿಕದ ಅನುಭವಗಳನ್ನು ಕುರಿತು ‘ಅಮೆರಿಕದಲ್ಲಿ ನಾನು’ ಎಂಬ ಪುಸ್ತಕವನ್ನೂ ಬರೆದರು.

೧೯೫೩ರಲ್ಲಿ ಅವರು ಅಂದಿನ ಮದರಾಸಿನ, ಎಂದರೆ ಇಂದಿನ ಚೆನ್ನೈಯ, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಮುಂದೆ ಅದೇ ಕಾಲೇಜಿನ ಪ್ರಾಂಶುಪಾಲರೂ ಆದರು. ಅವರ ಬಾಳಿನ ಬಹುಭಾಗ ಕಳೆದದ್ದು ಆ ಊರಿನಲ್ಲಿಯೇ. ಸಂಶೋಧನ ಪ್ರಬಂಧಗಳು ಒಂದರ ಮೇಲೊಂದು ಇಂಗ್ಲಿಷಿನಲ್ಲಿ ಪ್ರಕಟವಾದುವು. ಬೀರಬಲ್ ಸಾಹನಿಯವರ ಹೆಸರಿನ ಪದಕವೂ ಅವರಿಗೆ ದೊರೆಯಿತು. ಇಷ್ಟಕ್ಕೇ ಅವರು ನಿಂತಿದ್ದರೆ ವಿಜ್ಞಾನದ ಇತಿಹಾಸದಲ್ಲಿ ಒಂದು ಗೌರವದ ಸ್ಥಾನ ಅವರಿಗೆ ಇದ್ದೇ ಇರುತ್ತಿತ್ತು. ಆದರೆ ಕನ್ನಡದ ಓದುಗರಿಗೆ ಅವರ ಹೆಸರು ತಿಳಿಯುತ್ತಿರಲಿಲ್ಲ.

ಜಗತ್ತಿನಲ್ಲಿ ಕೆಲವರೇ ಓದಬಲ್ಲ ಪ್ರಬಂಧಗಳನ್ನು ಬರೆಯುವ ವಿಜ್ಞಾನಿಗೆ ಎದುರಾಗುವ ಪ್ರಶ್ನೆಯೊಂದುಂಟು. ತಾನು ಕಂಡ ಬೆರಗನ್ನು ತನ್ನ ಊರಿನ ಜನರಿಗೆ ಹೇಳುವವರು ಯಾರು? ಕಾಡಿನ ಅಂಚಿನಲ್ಲಿ ಬಾಳುವ ರೈತನಿಗೆ ಗಿಡದ ಉಪಯೋಗ ಗೊತ್ತು, ಶಾಸ್ತ್ರ ಗೊತ್ತಿಲ್ಲ. ಕಾಲೇಜಿನ ವಿದ್ಯಾರ್ಥಿಗೆ ಗಿಡದ ಲ್ಯಾಟಿನ್ ಹೆಸರು ಕಂಠಪಾಠ, ಗಿಡವನ್ನು ಕಂಡರೆ ಗುರುತು ಸಿಕ್ಕುವುದಿಲ್ಲ. ಪಂಡಿತನಿಗೆ ಕಾವ್ಯದಲ್ಲಿ ಬರುವ ಮರಗಳ ಹೆಸರುಗಳೆಲ್ಲ ಗೊತ್ತು, ಅವುಗಳಲ್ಲಿ ಒಂದನ್ನೂ ಅವನು ಕಣ್ಣಾರೆ ನೋಡಿರುವುದಿಲ್ಲ. ಈ ಮೂವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವ ಕೆಲಸವನ್ನು ಸ್ವಾಮಿಯವರು ಕೈಗೊಂಡರು.

೧೯೭೫ರಲ್ಲಿ ಗುಂಡಪ್ಪನವರು ತೀರಿಕೊಂಡರು. ಅದರ ಮರುವರ್ಷ ‘ಹಸುರು ಹೊನ್ನು’ ಪ್ರಕಟವಾಯಿತು. ಪ್ರಾಧ್ಯಾಪಕರೊಬ್ಬರು ವಿದ್ಯಾರ್ಥಿಗಳ ತಂಡವನ್ನು ಕರೆದುಕೊಂಡು ಪಶ್ಚಿಮ ಘಟ್ಟಗಳ ಕಾಡುಗಳಲ್ಲಿ ಸಸ್ಯಗಳನ್ನು ಹುಡುಕುತ್ತ ಅಲೆಯುವ ಕಥನವಿದು. ದಾರಿಯ ಫಜೀತಿಗಳು, ಊಟ ವಸತಿಗಳ ಪರದಾಟ, ಹುಡುಗರ ಚೇಷ್ಟೆ ಎಲ್ಲವೂ ಇಲ್ಲಿ ಬರುತ್ತವೆ. ನಗುತ್ತ ನಗುತ್ತ ಓದುಗನು ಕಾಡಿನೊಳಕ್ಕೆ ಹೋಗಿರುತ್ತಾನೆ. ಅಷ್ಟರಲ್ಲಿ ಒಂದು ಮರ ಎದುರಾಗುತ್ತದೆ. ಅದರ ಎಲೆ, ಹೂವು, ಕಾಯಿಗಳ ವರ್ಣನೆ, ಊರವರು ಅದನ್ನು ಕರೆಯುವ ಹೆಸರು, ಅದರ ಉಪಯೋಗ, ಅದನ್ನು ಕುರಿತು ಹಳೆಯ ಕವಿಗಳು ಹೇಳಿರುವ ಮಾತು ಇವೆಲ್ಲ ಒಂದರ ಬೆನ್ನಿಗೆ ಒಂದು ಹರಿದುಬರುತ್ತವೆ. ಪಕ್ಕದಲ್ಲಿಯೇ ಸ್ವಾಮಿಯವರು ಬರೆದ ಚಿತ್ರವಿರುತ್ತದೆ. ಮಾತು ಹೇಳಲಾರದುದನ್ನು ಗೆರೆ ತೋರಿಸುತ್ತದೆ. ಗೆರೆ ತೋರಿಸಲಾರದುದನ್ನು ಮಾತು ಹೇಳುತ್ತದೆ.

ಈ ಚಿತ್ರಗಳ ವಿಚಾರದಲ್ಲಿ ಒಂದು ಮಾತನ್ನು ಹೇಳಬೇಕು. ಆ ಕಾಲದಲ್ಲಿ ಪುಸ್ತಕಗಳನ್ನು ಸಾಮಾನ್ಯವಾಗಿ ಸೀಸದ ಮೊಳೆಗಳನ್ನು ಜೋಡಿಸಿ ಅಚ್ಚು ಹಾಕುತ್ತಿದ್ದರು. ಚಿತ್ರವನ್ನು ಅಚ್ಚು ಮಾಡಬೇಕಾದರೆ ಅದರ ಪಡಿಯಚ್ಚನ್ನು ಸತುವಿನ ತಗಡಿನ ಮೇಲೆ ಇಳಿಸಿ, ಗೆರೆಯಿಲ್ಲದ ಜಾಗವನ್ನು ಆಮ್ಲದಿಂದ ಕೊರೆದು ಬ್ಲಾಕು ತಯಾರಿಸುತ್ತಿದ್ದರು. ಇಂತಹ ಬ್ಲಾಕಿನಲ್ಲಿ ಎರಡೇ ಬಣ್ಣ: ಮಸಿ ಹತ್ತಿದ ಕಡೆ ಕಪ್ಪು, ಹತ್ತದ ಕಡೆ ಬಿಳುಪು. ನಡುವಣ ಛಾಯೆಗಳನ್ನು ಚುಕ್ಕೆಗಳಿಂದಲೋ ಒತ್ತಾದ ಗೀರುಗಳಿಂದಲೋ ಸೂಚಿಸಬೇಕು. ಆದುದರಿಂದ ಗೆರೆ ಖಚಿತವಾಗಿರಬೇಕು. ಕಿನ್ನಾಳದ ಚಿತ್ರಗಾರನು ಮರದ ಬೊಂಬೆಯ ಮುಖದಲ್ಲಿ ಹುಬ್ಬಿನ ಒಂದು ಗೆರೆಯನ್ನು ಏರಿಸಿದರೆ ಬೊಂಬೆ ಬೆರಗಾಗುತ್ತದೆ, ತುಟಿಯ ಗೆರೆಯನ್ನು ಬಾಗಿಸಿದರೆ ನಗುತ್ತದೆ. ಗೆರೆಯ ಶಕ್ತಿಯೇ ಅಂತಹುದು. ಸೂಕ್ಷ್ಮದರ್ಶಕದ ಮುಂದೆ ಪಳಗಿದ ಸ್ವಾಮಿಯವರ ಕೈಗೆ ಈ ಕಲೆ ಸಹಜವಾಗಿ ಒದಗಿತು. ಎಲೆಯ ನರವನ್ನು ತಪ್ಪಿಲ್ಲದೆ ಬರೆದ ಕೈ, ಮನುಷ್ಯರ ಭಂಗಿಯನ್ನೂ ಗತ್ತನ್ನೂ ನಾಲ್ಕಾರು ಗೆರೆಗಳಲ್ಲಿ ಹಿಡಿಯಿತು.

ಮಾತು ಮತ್ತು ಚಿತ್ರಗಳನ್ನು ಸೇರಿಸಿ ಲೋಕದ ಡೊಂಕನ್ನು ತೋರಿಸುವ ಕಲೆ ಹೊಸದಲ್ಲ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ವಿಲಿಯಂ ಹೋಗಾರ್ಥ್ ಎಂಬ ಕಲಾವಿದನು ತಾಮ್ರದ ತಗಡಿನ ಮೇಲೆ ಚಿತ್ರಗಳನ್ನು ಕೊರೆದು, ಅಚ್ಚು ಹಾಕಿ ಮಾರಿ, ಲಂಡನ್ನಿನ ಸೋಗಲಾಡಿಗಳನ್ನು ನಗೆಗೆ ಈಡುಮಾಡಿದ್ದನು. ಕನ್ನಡದಲ್ಲಿ ವಿಡಂಬನೆಯ ಮಾತಿಗೆ ಬಹು ಹಿಂದಿನ ಪರಂಪರೆಯಿದೆ. ಕ್ರಿ.ಶ. ೧೧೧೨ರಲ್ಲಿ ಯಲಬುರ್ಗಾ ಸೀಮೆಯ ಇಟಗಿಯಲ್ಲಿ ಮಹಾದೇವ ದೇವಾಲಯವು ಎದ್ದು ನಿಂತ ಸುಮಾರಿನಲ್ಲಿಯೇ, ಮುಳುಗುಂದದ ನಯಸೇನನು ‘ಧರ್ಮಾಮೃತ’ವನ್ನು ರಚಿಸಿದನು. ಕನ್ನಡದಲ್ಲಿ ಬರೆಯಹೊರಟು ಅನಗತ್ಯವಾಗಿ ಸಂಸ್ಕೃತವನ್ನು ತುರುಕುವವರನ್ನು ಅವನು ಅದರಲ್ಲಿ ಹಾಸ್ಯ ಮಾಡಿದ್ದಾನೆ. ನಮ್ಮ ಕಾಲಕ್ಕೆ ಬಂದರೆ, ೧೯೪೨ರಲ್ಲಿ ಡಾಕ್ಟರ್ ಎಂ. ಶಿವರಾಂ ಅವರು ‘ಕೊರವಂಜಿ’ ಎಂಬ ಹಾಸ್ಯಪತ್ರಿಕೆಯನ್ನು ಆರಂಭಿಸಿದರು, ತರುಣ ಆರ್.ಕೆ. ಲಕ್ಷ್ಮಣರ ವ್ಯಂಗ್ಯಚಿತ್ರಗಳು ಅದರಲ್ಲಿ ಬೆಳಕು ಕಂಡುವು. ಅಲ್ಲಿ ಬರೆಯುವವರು ಒಬ್ಬರು, ಚಿತ್ರ ತೆಗೆಯುವವರು ಇನ್ನೊಬ್ಬರು. ಸ್ವಾಮಿಯವರಲ್ಲಿ ಇಬ್ಬರೂ ಒಬ್ಬರೇ ಆದರು.

ಅವರ ಹಾಸ್ಯಕ್ಕೆ ಹಳೆಯ ಸಾಹಿತ್ಯವು ಹಿಮ್ಮೇಳದಂತೆ ಒದಗಿತು. ಅವರ ಪುಸ್ತಕಗಳ ಹೆಸರುಗಳನ್ನು ನೋಡಿದರೆ ಸಾಕು. ಉಪನಿಷತ್ತೊಂದರ ಹೆಸರು ‘ಬೃಹದಾರಣ್ಯಕ’. ಕಾಡು ಅಲೆದ ವಿಜ್ಞಾನಿ ಅದನ್ನು ತನ್ನ ಪುಸ್ತಕಕ್ಕೆ ಇಟ್ಟುಕೊಂಡಾಗ ಆ ಹೆಸರಿನೊಳಗಿದ್ದ ಅರಣ್ಯಕ್ಕೆ ಜೀವ ಬರುತ್ತದೆ. ದೇವರ ಮಹಿಮೆಯನ್ನು ಹೇಳುವುದು ಪುರಾಣ. ಸ್ವಾಮಿಯವರು ‘ಸಸ್ಯಪುರಾಣ’ ಬರೆದರು. ಸ್ತೋತ್ರದ ಕೊನೆಯಲ್ಲಿ ಓದಿದವರಿಗೆ ಬರುವ ಪುಣ್ಯವನ್ನು ಹೇಳುವ ಭಾಗವೇ ಫಲಶ್ರುತಿ. ಸಸ್ಯಶಾಸ್ತ್ರಜ್ಞನೊಬ್ಬನು ಪುಸ್ತಕಕ್ಕೆ ‘ಫಲಶ್ರುತಿ’ ಎಂದು ಹೆಸರಿಟ್ಟರೆ ಪುಣ್ಯದೊಡನೆ ಹಣ್ಣೂ ನೆನಪಾಗುತ್ತದೆ. ದ್ರೌಪದಿಗಾಗಿ ಭೀಮನು ಸುಗಂಧದ ಹೂವನ್ನು ತಂದ ಕಥೆ ‘ಸೌಗಂಧಿಕಾಪಹರಣ’ವೆಂದು ಪ್ರಸಿದ್ಧ; ಸ್ವಾಮಿಯವರ ಒಂದು ಪುಸ್ತಕದ ಹೆಸರು ‘ದೌರ್ಗಂಧಿಕಾಪಹರಣ’. ಒಂದು ಅಕ್ಷರದ ಬದಲಾವಣೆಯಿಂದ ಸುವಾಸನೆ ದುರ್ವಾಸನೆಯಾಯಿತು, ವೀರಕಥೆ ವಿನೋದವಾಯಿತು. ಹಳೆಯ ಕಾವ್ಯವನ್ನು ಬಲ್ಲವನಿಗೆ ಮಾತ್ರ ಇಂತಹ ವಿನೋದ ಸಾಧ್ಯ. ಇದು ಹಳೆಯದನ್ನು ಹೀಯಾಳಿಸುವ ನಗುವಲ್ಲ. ಅದರೊಡನೆ ಸಲಿಗೆಯಿಂದ ಬಾಳಿದವನ ನಗು.

ಸ್ವಾಮಿಯವರ ವಿಡಂಬನೆಗೆ ಹೆಚ್ಚಾಗಿ ಗುರಿಯಾದವರು ದುರ್ಬಲರಲ್ಲ. ಅಧಿಕಾರದ ಕುರ್ಚಿಯಲ್ಲಿ ಕುಳಿತು ಅರಿವಿಲ್ಲದೆ ಮೆರೆಯುವವರು. ‘ಕಾಲೇಜು ರಂಗ’, ‘ಕಾಲೇಜು ತರಂಗ’, ‘ಪ್ರಾಧ್ಯಾಪಕನ ಪೀಠದಲ್ಲಿ’ ಎಂಬ ಪುಸ್ತಕಗಳಲ್ಲಿ ಅವರು ತಾವೇ ಬಾಳಿದ ವಿದ್ಯಾಲೋಕವನ್ನು ಒರೆಗೆ ಹಚ್ಚಿದರು. ಪಾಠ ಹೇಳಲು ಬಾರದ ಪಂಡಿತರು, ಕಾಗದಪತ್ರಗಳಲ್ಲಿಯೇ ವಿದ್ಯೆಯನ್ನು ಹೂತುಹಾಕುವ ಅಧಿಕಾರಿಗಳು, ಶಿಫಾರಸಿನ ಬಲದಿಂದ ಮೇಲೇರುವವರು ಇವರೆಲ್ಲ ಅವರ ಲೇಖನಿಗೆ ಸಿಕ್ಕಿದರು. ‘ಕಾಲೇಜು ರಂಗ’ವನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ೧೯೭೬ರಲ್ಲಿ ಚಲನಚಿತ್ರವನ್ನು ನಿರ್ದೇಶಿಸಿದರು. ತಾನೇ ಪ್ರಾಧ್ಯಾಪಕನಾಗಿದ್ದು ಪ್ರಾಧ್ಯಾಪಕರನ್ನು ನಗೆಯಾಡುವುದಕ್ಕೆ ಧೈರ್ಯ ಬೇಕು. ತನ್ನನ್ನೂ ಆ ನಗೆಯ ಹೊರಗೆ ಇಟ್ಟುಕೊಳ್ಳದಿರುವುದಕ್ಕೆ ಇನ್ನೂ ಹೆಚ್ಚಿನ ಧೈರ್ಯ ಬೇಕು. ಸ್ವಾಮಿಯವರ ಬರಹದಲ್ಲಿ ಪೆಚ್ಚಾಗುವವರ ಪಟ್ಟಿಯಲ್ಲಿ ಅನೇಕ ವೇಳೆ ಅವರ ಹೆಸರೂ ಇರುತ್ತದೆ.

ಇಂತಹ ನಿಷ್ಠುರತೆಗೆ ಬೆಲೆ ತೆರಬೇಕಾಗುತ್ತದೆ. ಮದರಾಸಿನಲ್ಲಿದ್ದಾಗ ಅವರು ತಮಿಳನ್ನು ಕಲಿತು, ಆ ಭಾಷೆಯ ಪ್ರಾಚೀನ ಸಾಹಿತ್ಯವನ್ನು ಆಳವಾಗಿ ಅಭ್ಯಾಸ ಮಾಡಿದರು. ಹಳೆಯ ಗ್ರಂಥಗಳ ಕಾಲವನ್ನು ನಿರ್ಣಯಿಸುವಾಗ ಅಭಿಮಾನಕ್ಕಿಂತ ಆಧಾರ ಮುಖ್ಯವೆಂಬುದು ಅವರ ನಿಲುವು. ಈ ವಿಷಯವಾಗಿ ಅವರು ಸಂಶೋಧನ ಲೇಖನಗಳನ್ನು ಪ್ರಕಟಿಸಿದರು. ‘ತಮಿಳು ತಲೆಗಳ ನಡುವೆ’ ಎಂಬ ಪುಸ್ತಕದಲ್ಲಿ ತಾವು ಕಂಡ ಅತಿಯಾದ ಭಾಷಾಭಿಮಾನವನ್ನು ವಿನೋದವಾಗಿ ಚಿತ್ರಿಸಿದರು. ಅವರ ಅಭಿಪ್ರಾಯಗಳನ್ನೆಲ್ಲ ವಿದ್ವಾಂಸರು ಒಪ್ಪಿಲ್ಲ. ಅವರ ಕೆಲವು ಮಾತುಗಳು ಹರಿತವಾದುವೆಂದು ನೊಂದವರೂ ಉಂಟು. ನಗೆಯ ಕತ್ತಿಯನ್ನು ಹಿಡಿದವನು ಎಲ್ಲೆಯನ್ನು ಅರಿತಿರಬೇಕೆಂಬ ಮಾತು ನಿಜ. ಆದರೆ ಒಂದು ಭಾಷೆಯನ್ನು ಕಲಿಯದೆ ಅದನ್ನು ಅಲ್ಲಗಳೆಯುವವರ ಸಾಲಿಗೆ ಅವರು ಸೇರಿದವರಲ್ಲ. ಮೊದಲು ಕಲಿತರು, ಅನಂತರ ಪ್ರಶ್ನಿಸಿದರು. ಕನ್ನಡದ ವಿದ್ವಾಂಸರನ್ನೂ ಅವರು ಇದೇ ಒರೆಗಲ್ಲಿಗೆ ಹಚ್ಚಿದರು.

ನಗೆಗಾರನ ಹಿಂದೆ ದುಡಿಯುವ ವಿದ್ವಾಂಸನನ್ನು ಕಾಣಬೇಕಾದರೆ ಅವರ ‘ಶಾಸನಗಳಲ್ಲಿ ಗಿಡಮರಗಳು’ ಎಂಬ ಗ್ರಂಥವನ್ನು ನೋಡಬೇಕು. ಶಾಸನಗಳನ್ನು ಇತಿಹಾಸಕಾರರು ಓದುವುದು ಅರಸರ ಹೆಸರಿಗಾಗಿ; ಭಾಷಾಶಾಸ್ತ್ರಜ್ಞರು ಓದುವುದು ಹಳೆಯ ಪದಗಳಿಗಾಗಿ. ಆದರೆ ದಾನ ಕೊಟ್ಟ ಭೂಮಿಯ ಎಲ್ಲೆಯನ್ನು ಹೇಳುವಾಗ ಶಾಸನಗಳು ಅನೇಕ ವೇಳೆ ಮೂಡಣ ದಿಕ್ಕಿನ ಹುಣಿಸೆಯ ಮರವನ್ನೋ ತೆಂಕಣ ದಿಕ್ಕಿನ ಆಲದ ಮರವನ್ನೋ ಗುರುತಾಗಿ ಹೇಳುತ್ತವೆ. ಅರಸರು ಅಳಿದರು, ಮರಗಳೂ ಅಳಿದುವು. ಹೆಸರುಗಳು ಕಲ್ಲಿನಲ್ಲಿ ಉಳಿದುವು. ಆ ಹೆಸರುಗಳ ಬೆನ್ನುಹತ್ತಿ ಹೋದರೆ ಅಂದಿನ ನಾಡಿನ ಹಸುರು ಎಂತಹುದೆಂದು ತಿಳಿಯಬಹುದೆಂಬುದನ್ನು ಸ್ವಾಮಿಯವರು ತೋರಿಸಿಕೊಟ್ಟರು. ಅಶೋಕನ ಕಾಲದಿಂದ ಬಂಡೆಗಲ್ಲುಗಳ ಮೇಲೆ ಬರಹವನ್ನು ಹೊತ್ತು ನಿಂತಿರುವ ಕೊಪ್ಪಳ ಸೀಮೆಯ ಮಕ್ಕಳಿಗೆ ಈ ದೃಷ್ಟಿ ವಿಶೇಷವಾಗಿ ಉಪಯುಕ್ತ. ತಮ್ಮೂರಿನ ಗುಡಿಯ ಮುಂದಿನ ಶಾಸನದಲ್ಲಿ ಯಾವುದಾದರೂ ಮರದ ಹೆಸರಿದೆಯೇ, ಆ ಮರ ಇಂದಿಗೂ ಊರಿನಲ್ಲಿ ಬೆಳೆಯುತ್ತದೆಯೇ ಎಂದು ಹುಡುಕುವುದೂ ಒಂದು ಸಂಶೋಧನೆಯೇ.

‘ಹಸುರು ಹೊನ್ನು’ ಕೃತಿಗೆ ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಗುಂಡಪ್ಪನವರಿಗೆ ೧೯೬೭ರಲ್ಲಿ ಇದೇ ಪ್ರಶಸ್ತಿ ಬಂದಿತ್ತು. ತಂದೆ ಪಡೆದದ್ದು ಭಗವದ್ಗೀತೆಯನ್ನು ಕುರಿತ ಗ್ರಂಥಕ್ಕೆ. ಮಗ ಪಡೆದದ್ದು ಕಾಡಿನ ಗಿಡಮರಗಳನ್ನು ಕುರಿತ ಗ್ರಂಥಕ್ಕೆ. ತಂದೆಯ ನೆರಳಿನಿಂದ ದೂರ ಸರಿದು ಕಾಡಿನ ದಾರಿ ಹಿಡಿದ ಮಗ, ಕೊನೆಗೆ ಅದೇ ದಾರಿಯಿಂದ ತಂದೆಯ ಪಕ್ಕದಲ್ಲಿ ಬಂದು ನಿಂತರು. ಆ ನೋಟವನ್ನು ಕಾಣಲು ಗುಂಡಪ್ಪನವರು ಇರಲಿಲ್ಲ.

ನಿವೃತ್ತಿಯ ಬಳಿಕ ಸ್ವಾಮಿಯವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿ ಕೆಲಸ ಮಾಡಿದರು. ಬರವಣಿಗೆ ಬಿರುಸಿನಿಂದ ಸಾಗಿತ್ತು. ಆದರೆ ೧೯೮೦ರ ನವೆಂಬರ್ ೨ರಂದು, ಅರವತ್ತೆರಡು ವರ್ಷಗಳ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಕನ್ನಡದ ಓದುಗರಿಗೆ ಅವರ ಲೇಖನಿಯ ಪೂರ್ಣ ಪರಿಚಯವಾದುದು ಕೊನೆಯ ಕೆಲವೇ ವರ್ಷಗಳಲ್ಲಿ. ಅಷ್ಟು ಸ್ವಲ್ಪ ಕಾಲದಲ್ಲಿ ಅವರು ಬಿಟ್ಟುಹೋದ ಪುಸ್ತಕಗಳ ರಾಶಿಯನ್ನು ಕಂಡರೆ ಆಶ್ಚರ್ಯವಾಗುತ್ತದೆ.

ವಿಜ್ಞಾನಿಯ ಕೆಲಸ ಇದ್ದುದನ್ನು ಇದ್ದಂತೆ ನೋಡುವುದು. ವಿಡಂಬನಕಾರನ ಕೆಲಸವೂ ಅದೇ. ಗಿಡದಲ್ಲಿ ಇಲ್ಲದ ಗೆರೆಯನ್ನು ಚಿತ್ರದಲ್ಲಿ ಸೇರಿಸಲಾರದ ಮನಸ್ಸು, ಮನುಷ್ಯನಲ್ಲಿ ಇಲ್ಲದ ಹಿರಿಮೆಯನ್ನು ಇದೆಯೆಂದು ಒಪ್ಪಲಾರದು. ಸ್ವಾಮಿಯವರ ಪ್ರಯೋಗಶಾಲೆಗೂ ಅವರ ನಗೆಗೂ ಇದ್ದ ನಂಟು ಇದೇ. ಗಂಗಾವತಿಯ ಗದ್ದೆಯ ಬದುವಿನಲ್ಲಿಯೋ ಕುಷ್ಟಗಿಯ ಬೆದ್ದಲು ಹೊಲದಲ್ಲಿಯೋ ಹೆಸರು ತಿಳಿಯದ ಗಿಡವೊಂದು ನಮ್ಮ ಕಾಲಿಗೆ ತೊಡರಿದಾಗ, ಅದನ್ನು ಕಿತ್ತೆಸೆಯದೆ ಒಂದು ಗಳಿಗೆ ಕುಳಿತು ನೋಡಿದರೆ, ಅದರ ಎಲೆಯೊಂದನ್ನು ಪುಸ್ತಕದ ಹಾಳೆಯ ಮೇಲೆ ತಪ್ಪಿಲ್ಲದೆ ಬರೆಯಲು ಪ್ರಯತ್ನಿಸಿದರೆ, ಊರಿನ ಹಿರಿಯರನ್ನು ಕೇಳಿ ಅದರ ಹೆಸರನ್ನು ತಿಳಿದುಕೊಂಡರೆ, ಸ್ವಾಮಿಯವರ ದಾರಿಯಲ್ಲಿ ಮೊದಲ ಹೆಜ್ಜೆಯನ್ನಿಟ್ಟಂತೆ.